ಹೂತ ಟ್ಯಾಂಕಿಗೆ ಸಿಮೆಂಟು ಮದ್ದಲ್ಲ

ಬಳಕೆ ನಿಂತ ಇಂಧನದ ಟ್ಯಾಂಕು ನೆಲದಡಿ ಇದ್ದರೆ ಏನು ಮಾಡಬೇಕೆಂದು ಕೇಳಿದರೆ ನಿಯಮಗಳ ಪುಸ್ತಕಗಳು ಸಾಮಾನ್ಯವಾಗಿ ಎರಡು ದಾರಿ ತೋರಿಸುತ್ತವೆ. ಅಗೆದು ಹೊರತೆಗೆಯಬಹುದು, ಇಲ್ಲವೇ ಖಾಲಿ ಮಾಡಿ, ತೊಳೆದು, ಒಳಗೆ ಸಿಮೆಂಟು ಗಾರೆಯನ್ನೋ ಫೋಮನ್ನೋ ತುಂಬಿ ಅಲ್ಲೇ ಬಿಡಬಹುದು. ಅಮೆರಿಕದ 1988ರ ನಿಯಮಾವಳಿಯಲ್ಲಿ ಇದೇ ಇದೆ, ಬ್ರಿಟನ್ ಮತ್ತು ಐರ್ಲೆಂಡಿನ ಉದ್ಯಮ ಅನುಸರಿಸುವ ಕೈಪಿಡಿಯಲ್ಲೂ ಇದೇ ಇದೆ. ಹೆದ್ದಾರಿ ಬದಿಯ ಬಂಕಿಗೆ ಈ ಸಮಾನ ಆಯ್ಕೆ ಒಪ್ಪಬಹುದು. ಆದರೆ ಐರ್ಲೆಂಡಿನ ಡ್ರೋಹೆಡಾದಂತಹ ಊರಿನಲ್ಲಿ, ದಿನಕ್ಕೆ ಎರಡು ಸಲ ಉಬ್ಬರ ಏರಿಳಿಯುವ ನದಿದಂಡೆಯಲ್ಲಿ, ತುಂಬಿ ಮುಚ್ಚುವುದೆಂದರೆ ಲೆಕ್ಕ ಚುಕ್ತಾ ಮಾಡಿದಂತಲ್ಲ, ವಾಯಿದೆ ಪಡೆದಂತೆ.

ಡಬ್ಲಿನ್ನಿನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬಾಯ್ನ್ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ಡ್ರೋಹೆಡಾ, 2022ರ ಜನಗಣತಿಯ ಪ್ರಕಾರ 44 ಸಾವಿರ ಜನರಿರುವ ಪಟ್ಟಣ. ಹಡಗುಗಳ ವಹಿವಾಟು ಕೆಳಹರಿವಿನ ಟಾಮ್ ರೋಸ್ ಪಾಯಿಂಟ್ ಕಡೆಗೆ ಸರಿದಂತೆ ಊರೊಳಗಿನ ಹಳೆಯ ಧಕ್ಕೆಗಳು ಅಂಗಡಿ, ಮನೆ, ನಡಿಗೆದಾರಿಗಳ ಕನಸಿಗೆ ತೆರೆದುಕೊಂಡವು. 2005ರಲ್ಲಿ ದಕ್ಷಿಣ ದಡದಲ್ಲಿ ಸ್ಕಾಚ್ ಹಾಲ್ ಮಳಿಗೆ ಸಂಕೀರ್ಣ ಎದ್ದಿತು. ಅಲ್ಲಿಂದ ಕೆಳಗೆ, ನದಿ ಸಮುದ್ರ ಸೇರುವ ಅಳಿವೆ ಯುರೋಪಿನ ಕಾನೂನಿನಡಿ ರಕ್ಷಿತ ಪಕ್ಷಿಧಾಮ. ದುಡಿಯುವ ಬಂದರು ವಿಹಾರದ ದಂಡೆಯಾಗುವ ಇಂಥ ಹೊತ್ತಿನಲ್ಲೇ ಹಳೆಯ ಟ್ಯಾಂಕುಗಳ ಪ್ರಶ್ನೆ ಏಳುತ್ತದೆ. ಕಟ್ಟಡದ ಗುತ್ತಿಗೆದಾರನಿಗೆ ಬೇಕಿರುವುದು ಗಟ್ಟಿ ನೆಲ. ಸಿಮೆಂಟು ತುಂಬಿದ ಟ್ಯಾಂಕು ಅದನ್ನು ಕೊಡುತ್ತದೆ. ಆಕರ್ಷಣೆಯೂ ಅಲ್ಲೇ ಇದೆ, ಮೋಸವೂ ಅಲ್ಲೇ ಇದೆ.

ಏಕೆಂದರೆ ತೊಂದರೆ ಇರುವುದು ಟ್ಯಾಂಕಿನೊಳಗಲ್ಲ, ಹೊರಗೆ. ಉಪ್ಪುನೀರು ಸೇರಿದ ಮಣ್ಣಿನಲ್ಲಿ ಒಂದೇ ಪದರದ ಉಕ್ಕಿನ ಟ್ಯಾಂಕು ಬೇಗ ತುಕ್ಕು ಹಿಡಿಯುತ್ತದೆ. ಸೂಜಿಮೊನೆಯಷ್ಟು ರಂಧ್ರ ಸಾಕು, ಸೋರಿಕೆ ವರ್ಷಗಟ್ಟಲೆ ನಡೆಯುತ್ತದೆ. ಕೊಳವೆಗಳ ಕೀಲುಗಳಲ್ಲಿ ಇನ್ನೂ ಸುಲಭವಾಗಿ. ಸೋರಿದ ಪೆಟ್ರೋಲು ನೀರಿಗಿಂತ ಹಗುರ, ಆದ್ದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಒಳನಾಡಿನಲ್ಲಿ ಆ ಪದರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಧಕ್ಕೆಯ ಹಿಂದೆ ಹಾಗಲ್ಲ: ಉಬ್ಬರಕ್ಕೆ ಏರಿ, ಇಳಿತಕ್ಕೆ ಇಳಿದು, ಮಣ್ಣಿನ ದಪ್ಪ ಪಟ್ಟಿಯೊಂದಕ್ಕೆ ಎಣ್ಣೆ ಬಳಿಯುತ್ತಾ ಹೋಗುತ್ತದೆ. ಮುಂದೆ ಪ್ರತಿ ಇಳಿತದಲ್ಲೂ ಆ ಪಟ್ಟಿಯಿಂದ ಬೆಂಜೀನಿನಂಥ ವಿಷ ಚೂರುಚೂರೇ ನದಿಯ ಕಡೆಗೆ ಜಾರುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ಯುರೋಪ್ ಹಾಕಿರುವ ಮಿತಿ ಲೀಟರಿಗೆ ಒಂದು ಮೈಕ್ರೋಗ್ರಾಂ; ಎಂದರೆ ಹತ್ತು ಲಕ್ಷ ಲೀಟರಿಗೆ ಒಂದು ಗ್ರಾಂ. ಅಳಿವೆಯ ನೀರನ್ನು ಯಾರೂ ಕುಡಿಯುವುದಿಲ್ಲ, ನಿಜ. ಆದರೂ ಎಷ್ಟು ಕಡಿಮೆ ಪ್ರಮಾಣದ ಸಂಗತಿ ಇದು ಎಂಬುದಕ್ಕೆ ಆ ಅಂಕಿ ಸಾಕು. ಟ್ಯಾಂಕಿನೊಳಗೆ ಸುರಿದ ಸಿಮೆಂಟು ಆ ಮಣ್ಣನ್ನು ಮುಟ್ಟುವುದೂ ಇಲ್ಲ, ಅದನ್ನು ನೋಡಲು ಬಿಡುವುದೂ ಇಲ್ಲ.

ಹೊರತೆಗೆಯುವ ಕೆಲಸದ ನಿಜವಾದ ಬೆಲೆ ಇರುವುದು ನೋಡಲು ಸಿಗುವ ಆ ಅವಕಾಶದಲ್ಲಿ. ಕೆಲಸವೇನೋ ಅಪಾಯದ್ದೇ. ಇಂಧನ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಶೇಕಡಾ 1.4ರಷ್ಟು ಪೆಟ್ರೋಲಿನ ಆವಿ ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ತಳದ ಕೆಸರು ಎತ್ತಿ, ನೈಟ್ರೋಜನ್ನನ್ನೋ ಒಣ ಮಂಜುಗಡ್ಡೆಯನ್ನೋ ಹಾಕಿ ಆಮ್ಲಜನಕವನ್ನು ಹೊರದೂಡಿ, ಮೀಟರಿನಲ್ಲಿ ಅಳೆದು, ಆಮೇಲೆ ಕ್ರೇನು. 2000ಕ್ಕೆ ಮೊದಲಿನ ಟ್ಯಾಂಕಾದರೆ ಕೆಸರಿನಲ್ಲಿ ಸೀಸವೂ ಇರಬಹುದು, ಯುರೋಪ್ ಸೀಸದ ಪೆಟ್ರೋಲನ್ನು ನಿಷೇಧಿಸಿದ್ದೇ ಆ ವರ್ಷ. ಇಷ್ಟೆಲ್ಲ ಆಗಿ ಟ್ಯಾಂಕು ಮೇಲೆದ್ದ ಮೇಲೆ ಗುಂಡಿಯ ತಳದಿಂದ, ನಾಲ್ಕೂ ಗೋಡೆಗಳಿಂದ, ಕೊಳವೆಯ ಹಾದಿಯಿಂದ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಹೊರತೆಗೆದದ್ದೂ ಬರಿಯ ಗುಜರಿ ವ್ಯಾಪಾರ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ನದಿಪಕ್ಕದಲ್ಲಿ ಆಳ ಅಗೆದರೆ ಹಳೆಯ ಧಕ್ಕೆಯ ಗೋಡೆ ಕುಸಿದೀತು. ಗುಂಡಿಗೆ ನುಗ್ಗುವ ನೀರನ್ನು ಸಂಸ್ಕರಿಸದೆ ನದಿಗೆ ಬಿಡುವಂತಿಲ್ಲ. ಹತ್ತು ಸಾವಿರ ಲೀಟರಿನ ಖಾಲಿ ಟ್ಯಾಂಕು ಪೂರ್ತಿ ಮುಳುಗಿದರೆ ಸುತ್ತಲ ನೀರು ಅದನ್ನು ಹತ್ತು ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ, ಕಾಂಕ್ರೀಟು ಸೀಳಿ ಅದು ತಾನಾಗಿಯೇ ಎದ್ದೀತು. ತುಂಬಿಬಿಟ್ಟರೆ ಆ ಭಯವಿಲ್ಲ. ಕಲುಷಿತ ಮಣ್ಣನ್ನು ಹೂಳಲು ಐರ್ಲೆಂಡಿನಲ್ಲಿ ಜಾಗವಿಲ್ಲದೆ ಹಡಗಿನಲ್ಲಿ ಹೊರದೇಶಕ್ಕೆ ಸಾಗಿಸಬೇಕಾಗುತ್ತದೆ. ಗೋಡೆಯ ಆಧಾರವೇ ಟ್ಯಾಂಕಿನ ಮೇಲೆ ನಿಂತಿದ್ದರೆ ತುಂಬಿ ಬಿಡುವುದೇ ಸರಿ, ಆದರೆ ಸುತ್ತ ಕೊಳವೆಬಾವಿ ಕೊರೆದು ಮಣ್ಣು, ನೀರು ಅಳೆದ ಮೇಲೆ. ಉಳಿದವು ಖರ್ಚಿನ ಮಾತುಗಳು. ಖರ್ಚು ನಿಜವೇ, ಆದರೆ ಅದನ್ನು ಇಂದಿನ ಗುತ್ತಿಗೆದಾರನಿಂದ ನಾಳಿನ ಊರಿಗೆ ವರ್ಗಾಯಿಸುವುದು ಉಳಿತಾಯವಲ್ಲ.

ಇವೆಲ್ಲಕ್ಕಿಂತ ಬಲವಾದ ವಾದ ವಿಜ್ಞಾನದಿಂದಲೇ ಬಂದದ್ದು. ಮಣ್ಣಿನ ಬ್ಯಾಕ್ಟೀರಿಯಾಗಳು ಬೆಂಜೀನನ್ನು ತಿಂದು ಮುಗಿಸುತ್ತವೆ, ಸುಮ್ಮನೆ ಬಿಡಿ ಎಂಬ ವಾದ. ಕ್ಯಾಲಿಫೋರ್ನಿಯಾದ ಸೋರುವ ಟ್ಯಾಂಕುಗಳ ಬಗ್ಗೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಮಾಡಿದ ಅಧ್ಯಯನ, ಬೆಂಜೀನಿನ ಹರಹು ಸಾಮಾನ್ಯವಾಗಿ 250 ಅಡಿ ದಾಟುವುದಿಲ್ಲ ಎಂದಿತು. ಮರುವರ್ಷವೇ ಸಾಂಟಾ ಮೋನಿಕಾ ನಗರ ತನ್ನ ಬಾವಿಗಳನ್ನು ಮುಚ್ಚಬೇಕಾಯಿತು. ಪೆಟ್ರೋಲಿಗೆ ಬೆರೆಸಿದ್ದ ಎಂಟಿಬಿಇ ಎಂಬ ರಾಸಾಯನಿಕ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಎಂಟಿಬಿಇಯನ್ನು ಬದಿಗಿಟ್ಟು ಆ ಅಧ್ಯಯನವನ್ನು ಪೂರ್ತಿ ಒಪ್ಪಿಕೊಂಡರೂ ಧಕ್ಕೆಗೆ ಅದು ಧೈರ್ಯ ಕೊಡುವುದಿಲ್ಲ. ವಿಷ ಕರಗಿಹೋಗಲು ಬೇಕಾದದ್ದು 250 ಅಡಿ. ದೋಣಿಗೆ ಇಂಧನ ತುಂಬುವ ಟ್ಯಾಂಕನ್ನು ನೀರಿನಿಂದ ಅಷ್ಟು ದೂರ ಯಾರು ಇಡುತ್ತಾರೆ?

ಕಾನೂನು ಇಲ್ಲಿ ಆಸರೆಯಾಗಬೇಕಿತ್ತು. ಐರ್ಲೆಂಡಿನ 1972ರ ಅಪಾಯಕಾರಿ ವಸ್ತುಗಳ ಕಾಯ್ದೆ ಪೆಟ್ರೋಲು ದಾಸ್ತಾನಿಗೆ ಲೈಸೆನ್ಸ್ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗೆ, ಬಂದರಿನಲ್ಲಾದರೆ ಬಂದರು ಪ್ರಾಧಿಕಾರಕ್ಕೆ ಕೊಟ್ಟಿತು. ಅದರ ಕಣ್ಣು ಬೆಂಕಿಯ ಮೇಲೆ, ಮಣ್ಣಿನ ಮೇಲಲ್ಲ. ಪರಿಸರ ಹಾನಿಗೆ ಹೊಣೆ ಹೊರಿಸುವ ನಿಯಮಗಳು 2009ರ ಏಪ್ರಿಲ್ 1ರಿಂದ ಜಾರಿಗೆ ಬಂದವು, ಅದಕ್ಕೆ ಹಿಂದಿನ ಹಾನಿ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಕಲುಷಿತ ಭೂಮಿಗೇ ಮೀಸಲಾದ ಕಾಯ್ದೆ ಅಲ್ಲಿಲ್ಲ. ಹಳೆಯ ಟ್ಯಾಂಕುಗಳು ಸೋರಿದ್ದೆಲ್ಲ ಹೆಚ್ಚಾಗಿ ಈ ಎರಡು ಕಾನೂನುಗಳ ನಡುವಿನ ಸಂದಿಯಲ್ಲೇ. ಅಮೆರಿಕ ಇಂಧನದ ಮೇಲೆ ಗ್ಯಾಲನ್ನಿಗೆ ಒಂದು ಸೆಂಟಿನ ಹತ್ತನೇ ಒಂದು ಭಾಗ ತೆರಿಗೆ ಹಾಕಿ 1986ರಲ್ಲೇ ಸೋರುವ ಟ್ಯಾಂಕುಗಳ ನಿಧಿ ಕಟ್ಟಿತು. ಐದು ಲಕ್ಷಕ್ಕೂ ಹೆಚ್ಚು ಸೋರಿಕೆಗಳನ್ನು ಆ ದೇಶ ಈವರೆಗೆ ದಾಖಲಿಸಿದೆ. ಅಲ್ಲಿನ ಟ್ಯಾಂಕುಗಳು ನಮ್ಮವಕ್ಕಿಂತ ಕೆಟ್ಟವೆಂದಲ್ಲ, ಹುಡುಕಿದ್ದರಿಂದ ಸಿಕ್ಕವು.

ಈ ವಿಷಯದಲ್ಲಿ ಭಾರತಕ್ಕೆ ಈಗ ಐರ್ಲೆಂಡಿಗಿಲ್ಲದ ಅನುಕೂಲವೊಂದಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಶಂಕಿತ ತಾಣಗಳನ್ನು ಗುರುತಿಸುವ ಹೊಣೆ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ್ದು. ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ, ನೇತ್ರಾವತಿ–ಗುರುಪುರ ನದಿಗಳ ಅಳಿವೆಯ ಮಂಗಳೂರಿನ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ದಶಕಗಳಿಂದ ಡೀಸೆಲ್ ತುಂಬಿಸಿಕೊಳ್ಳುತ್ತಿವೆ. ಕರಾವಳಿಯಲ್ಲಿ ಮನೆಮನೆಗೂ ಬಾವಿ ಇರುವುದರಿಂದ ಇಲ್ಲಿ ಪ್ರಶ್ನೆ ನದಿಯದ್ದಷ್ಟೇ ಅಲ್ಲ. ಉಡುಪಿ ಮತ್ತು ದಕ್ಷಿಣ ಕನ್ನಡದ ಜಿಲ್ಲಾಡಳಿತಗಳು ಪಟ್ಟಿ ಮಾಡುವಾಗ ಬಳಕೆ ನಿಂತ ಡೀಸೆಲ್ ಟ್ಯಾಂಕುಗಳನ್ನೂ ಅದರಲ್ಲಿ ಸೇರಿಸಲಿ, ಮಣ್ಣಿನ ಪರೀಕ್ಷೆಯ ವರದಿ ಕೈಸೇರುವವರೆಗೆ ಯಾವ ಗುಂಡಿಗೂ ಸಿಮೆಂಟು ಸುರಿಯಲು ಒಪ್ಪಿಗೆ ಕೊಡದಿರಲಿ.