ಚಿಲಿಕಾ ಸರೋವರದ ಜಲಪರೀಕ್ಷೆ: ಒಂದು ವಿಮರ್ಶೆ

ಒಡಿಶಾದ ಕಡಲಂಚಿನ ಚಿಲಿಕಾ ಸರೋವರಕ್ಕೆ 2012ನೆಯ ಇಸವಿಯ ಆರೋಗ್ಯಪತ್ರವು ‘ಬಿ’ ಎಂಬ ಶ್ರೇಣಿಯನ್ನು ಕೊಟ್ಟಿತು. ನೀರಿನ ತಿಳಿತನ, ಅದರಲ್ಲಿ ಕರಗಿದ ಆಮ್ಲಜನಕ, ಪಾಚಿಯ ಪತ್ರಹರಿತ್ತು ಮೊದಲಾದುವು ಅದರ ಪ್ರಮಾಣಗಳು. ಜನಸಾಮಾನ್ಯರಿಗೂ ತಿಳಿಯುವಂತೆ ಇವನ್ನು ಸಂಗ್ರಹಿಸಿದುದು ಶ್ಲಾಘ್ಯವೇ ಸರಿ. ಆದರೆ ಒಂದೇ ಅಕ್ಷರವು ಸರೋವರದ ಸ್ಥಿತಿಯನ್ನೆಲ್ಲ ಹೇಳಲಾರದು. ಮಳೆಗಾಲದಲ್ಲಿ ಮಹಾನದಿಯ ಕವಲುಗಳು ಉತ್ತರಭಾಗಕ್ಕೆ ಸಿಹಿನೀರನ್ನೂ ಹೂಳನ್ನೂ ತಂದು ತುಂಬುತ್ತವೆ. ಅಳಿವೆಯ ಕಡೆ ಕಡಲಿನ ಉಪ್ಪೇ ಪ್ರಬಲ. ಕಾಲಭೇದವೂ ಅಲ್ಪವಲ್ಲ. ಪಾಚಿ ದಟ್ಟವಾದ ನೀರಿನಲ್ಲಿ ಆಮ್ಲಜನಕವು ಹಗಲು ಏರಿ, ಬೆಳಗಿನ ಜಾವಕ್ಕೆ ಕುಸಿಯುತ್ತದೆ. ನಡುಹಗಲಲ್ಲಿ ಮಾತ್ರ ಅಳೆದವನಿಗೆ ರೋಗವೇ ಆರೋಗ್ಯವಾಗಿ ತೋರೀತು. 2000ದಲ್ಲಿ ಹೊಸ ಅಳಿವೆಯನ್ನು ತೆರೆದ ಮೇಲೆ ಉಪ್ಪಿನಂಶವೂ ಮೀನಿನ ಹುಟ್ಟುವಳಿಯೂ ಹೆಚ್ಚಿದುವು. ಆದುದರಿಂದ ಅದಕ್ಕೆ ಹಿಂದಿನ ಅಂಕಿಗಳನ್ನು ಅನಂತರದವುಗಳೊಡನೆ ವಿವೇಚನೆಯಿಲ್ಲದೆ ಹೋಲಿಸಲಾಗದು. ಪ್ರಕರಣವನ್ನು ಬಿಟ್ಟು ಪದಕ್ಕೆ ಅರ್ಥವನ್ನು ಹೇಳಬಾರದೆಂಬುದು ಕಾವ್ಯವ್ಯಾಖ್ಯಾನದ ನಿಯಮ. ಜಲಪರೀಕ್ಷೆಯ ಅಂಕಿಗೂ ಸ್ಥಳ, ಋತು, ವೇಳೆಗಳೇ ಪ್ರಕರಣ. ಸರೋವರವನ್ನೇ ನಂಬಿ ಬಾಳುವ ಬೆಸ್ತರಿಗೆ ಶ್ರೇಣಿಗಿಂತಲೂ ಈ ಪ್ರಕರಣಜ್ಞಾನವೇ ಹೆಚ್ಚು ಪ್ರಯೋಜನಕರವಾದುದು. ತಪ್ಪರ್ಥದ ನಷ್ಟವನ್ನು ಹೊರಬೇಕಾದವರು ಅವರೇ.