ಪಕ್ಷದೊಳಗಣ ಪಕ್ಷ

ರಾಜಕೀಯ ಪಕ್ಷವೊಂದರ ಒಳಜಗಳಕ್ಕೂ ಸಾಹಿತ್ಯ ವಿಮರ್ಶೆಗೂ ಏನು ನಂಟು ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಗುಂಪುಗಾರಿಕೆಯ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಸಲ್ಲತಕ್ಕದ್ದು, ಈ ಪುಟಕ್ಕಲ್ಲ. ಆದರೆ ಆ ಗುಂಪುಗಳ ಹಿಂದೆ ನಿಜವಾದ ಒಂದು ವಿಚಾರಭೇದವಿದ್ದು, ಅದಕ್ಕಾಗಿ ಒಂದೇ ಚಾಪೆಯ ಮೇಲೆ ಕುಳಿತ ಜನ ಬೇರೆ ಬೇರೆ ಎದ್ದು ಹೋಗಿದ್ದರೆ, ಅದು ಸಾಹಿತ್ಯದ ವಸ್ತುವೇ ಆಗುತ್ತದೆ. ಈ ವಸ್ತುವಿಗೆ ನಮ್ಮ ಲೇಖಕರು ಎಷ್ಟರಮಟ್ಟಿಗೆ ನ್ಯಾಯ ಸಲ್ಲಿಸಿದ್ದಾರೆ ಎಂಬುದನ್ನು ನೋಡುವುದಷ್ಟೇ ಇಲ್ಲಿಯ ಉದ್ದೇಶ.

ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಪಾಠ ಹೇಳಿ ಬರುವವನು ನಾನು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ಓದಿಸುತ್ತಿದ್ದ ಒಂದು ದಿನ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯ ಮಾತು ನಡೆಯುವ ಸಂದರ್ಭ ಬಂತು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಬಸವಣ್ಣನವರು ಹಿಂದಮುಂದ ಯಾಕ ನೋಡ್ತಾರ? ಅವರೂ ಅಂಜಿದರೇನು?” ಎಂದು ಕೇಳಿದಳು. ಅಂದು ನಾನು ಪರೀಕ್ಷೆಗೆ ಒಪ್ಪುವ ಉತ್ತರವೊಂದನ್ನು ಕೊಟ್ಟು ಮುಂದೆ ಸಾಗಿದೆ. ಬಸ್ಸಿನಲ್ಲಿ ಮರಳುವಾಗ ಮಾತ್ರ ನನ್ನ ಮುತ್ಯಾನ ಮಾತೊಂದು ನೆನಪಾಯಿತು.

ಮುತ್ಯಾ ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ನಿಜಾಮನ ಕಾಲದ ಮಾತು ಬಂದಾಗಲೆಲ್ಲ, “ನಾವು ಸ್ವಾಮೀಜಿ ಕಡೆಯವರು” ಎನ್ನುವರು. ಎದುರಿನವರು ಯಾರು ಎಂದರೆ, “ಅವರು ಕೋಟಿನವರು” ಎಂದು ನಕ್ಕು ಸುಮ್ಮನಾಗುವರು. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ಎರಡು ವಿಚಾರಧಾರೆಗಳ ಚರಿತ್ರೆಯೆಲ್ಲ ಅವರ ಪಾಲಿಗೆ ಒಂದು ಕಾವಿ ಬಟ್ಟೆಗೂ ಒಂದು ಕೋಟಿಗೂ ನಡೆದ ಜಗಳವಾಗಿ ಉಳಿದಿತ್ತು.

ಆ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯಬೇಕು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂದು ಮೂರು ಭಾಷೆಯವರು ಮೂರು ವೇದಿಕೆಗಳಲ್ಲಿ ಸೇರುತ್ತಿದ್ದ ಸಂಸ್ಥಾನದಲ್ಲಿ 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟಿತು. ಹುಟ್ಟುತ್ತಲೇ ನಿಷೇಧಕ್ಕೆ ಗುರಿಯಾಯಿತು. 1946ರಲ್ಲಿ ನಿಷೇಧ ತೆರವಾದಾಗ ಅಧ್ಯಕ್ಷ ಪದವಿಗೆ ಸ್ಪರ್ಧೆ ನಡೆದು, ಸ್ವಾಮಿ ರಾಮಾನಂದ ತೀರ್ಥರು ಬೂರ್ಗುಲ ರಾಮಕೃಷ್ಣರಾಯರನ್ನು ಅಲ್ಪ ಅಂತರದಲ್ಲಿ ಸೋಲಿಸಿದರು. ಭೇದ ಕೇವಲ ವ್ಯಕ್ತಿಗಳದಾಗಿರಲಿಲ್ಲ. ನಿಜಾಮನ ಸರಕಾರ ಮುಂದಿಟ್ಟ ಶಾಸನಸಭೆಯ ಸುಧಾರಣೆಯನ್ನು ಸ್ವೀಕರಿಸಿ ಒಳಗಿನಿಂದ ಹೋರಾಡಬೇಕೆ, ಅಥವಾ ಅದನ್ನು ಬಹಿಷ್ಕರಿಸಿ ಪೂರ್ಣ ಜವಾಬ್ದಾರಿ ಸರಕಾರಕ್ಕಾಗಿ ಬೀದಿಗಿಳಿಯಬೇಕೆ ಎಂಬುದು ಪ್ರಶ್ನೆ. 1907ರಲ್ಲಿ ಸೂರತ್ತಿನಲ್ಲಿ ಮಂದಗಾಮಿಗಳೂ ತೀವ್ರಗಾಮಿಗಳೂ ಬೇರೆಯಾದಾಗ ಇದ್ದ ಪ್ರಶ್ನೆಯೇ ನಾಲ್ಕು ದಶಕಗಳ ತರುವಾಯ ಹೈದರಾಬಾದಿನಲ್ಲಿ ಮತ್ತೆ ತಲೆಯೆತ್ತಿತು.

ಮುಂದಿನದು ಎಲ್ಲರಿಗೂ ತಿಳಿದದ್ದು. 1947ರ ಚಳವಳಿ, ಸೆರೆವಾಸ, ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ಬಸವಕಲ್ಯಾಣಕ್ಕೆ ಸಮೀಪದ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯನ್ನು ಕಂಡ, ಕೇಳಿದ ಜನಕ್ಕೆ ಮಂದಗಾಮಿಯ ಮಾತು ರುಚಿಸದೆ ಹೋದದ್ದು ಸಹಜ. ‘ಕೋಟಿನವರು’ ಎಂಬ ಮುತ್ಯಾನ ನಗೆಯ ಬೇರು ಅಲ್ಲಿದೆ.

ಆದರೆ ಆ ನಗೆಯಲ್ಲಿ ಅನ್ಯಾಯವೂ ಇದೆ. ಮಂದಗಾಮಿ ಎನಿಸಿಕೊಂಡ ಬೂರ್ಗುಲರು ಕಂದಾಯ ಮಂತ್ರಿಗಳಾಗಿ 1950ರ ಹೈದರಾಬಾದು ಗೇಣಿ ಕಾನೂನನ್ನು ನಡೆಸಿಕೊಂಡು ಹೋಗುವ ಹೊಣೆ ಹೊತ್ತರು, 1952ರಿಂದ ಮುಖ್ಯಮಂತ್ರಿಗಳಾದರು. ಉಳುವವನಿಗೆ ನೆಲದ ಮೇಲೆ ಹಕ್ಕು ಕೊಡುವ ಕಾನೂನನ್ನು ನಡೆಸುವುದು ಅಂಜುಬುರುಕನ ಕೆಲಸವೆಂದು ಯಾರೂ ಹೇಳಲಾರರು. ಇತ್ತ ಸ್ವಾಮೀಜಿಯವರು, ಸಿಂದಗಿಯಲ್ಲಿ ಹುಟ್ಟಿ ಮರಾಠವಾಡೆಯನ್ನು ಕಾರ್ಯಕ್ಷೇತ್ರ ಮಾಡಿಕೊಂಡವರು, 1952ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಆರಿಸಿಬಂದು, ಸಂಸ್ಥಾನವನ್ನು ಭಾಷೆಗನುಗುಣವಾಗಿ ವಿಂಗಡಿಸಬೇಕೆಂದು ವಾದಿಸಿದರು. ಆ ವಿಂಗಡಣೆ 1956ರ ನವೆಂಬರ್ 1ರಂದು ನಡೆಯಿತು. ಬೀದರ ಜಿಲ್ಲೆಯೊಂದೇ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ, ನಮ್ಮ ಹುಮನಾಬಾದ, ಕಲ್ಯಾಣಗಳು ಮೈಸೂರಿಗೆ. ನಾನು ಇಂದು ಕನ್ನಡ ಪಾಠ ಹೇಳಿ ಅನ್ನ ತಿನ್ನುತ್ತಿರುವುದಕ್ಕೆ ಆ ವಾದವೂ ಒಂದು ಕಾರಣವೆಂದ ಮೇಲೆ, ಅದನ್ನು ಬರಿಯ ಗುಂಪುಗಾರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಇಂಥ ವಸ್ತುವಿಗೆ ಸಾಹಿತ್ಯದಲ್ಲಿ ದೊರೆತ ರೂಪವಾವುದು? ಸ್ವಾಮೀಜಿಯವರೇ 1967ರಲ್ಲಿ ಹೈದರಾಬಾದಿನ ಸ್ವಾತಂತ್ರ್ಯ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಮೂಲ್ಯವಾದ ಗ್ರಂಥ. ಆದರೆ ಆತ್ಮಕಥನದ ಸ್ವಭಾವವೇ ಹಾಗೆ: ಎದುರಾಳಿಯ ಮಾತು ಅಲ್ಲಿ ಲೇಖಕನ ಬಾಯಿಂದಲೇ ಬರಬೇಕು. ಎರಡು ಕಡೆಗೂ ನಾಲಗೆ ಕೊಡುವ ಕೆಲಸ ಕಾದಂಬರಿಯದು, ನಾಟಕದ್ದು.

ಪಕ್ಷರಾಜಕಾರಣವನ್ನು ಕುರಿತ ಕನ್ನಡ ಕಾದಂಬರಿಗಳಲ್ಲಿ ಅನಂತಮೂರ್ತಿಯವರ ‘ಅವಸ್ಥೆ’ (1978) ಶ್ರೇಷ್ಠವಾದುದರಲ್ಲಿ ಸಂದೇಹವಿಲ್ಲ. ರೋಗಶಯ್ಯೆಯಲ್ಲಿರುವ ಸಮಾಜವಾದಿ ನಾಯಕ ಕೃಷ್ಣಪ್ಪಗೌಡನ ಬಳಿಗೆ ಅಧಿಕಾರದ ಆಮಿಷ ನಡೆದುಬರುತ್ತದೆ. ಅವನ ಅಂತರಂಗದ ಕುದಿತವನ್ನು ಲೇಖಕರು ಬಹು ಸೂಕ್ಷ್ಮವಾಗಿ ಹಿಡಿದಿದ್ದಾರೆ. ಆದರೆ ಬಂದು ಹೋಗುವ ಗುಂಪಿನವರನ್ನೆಲ್ಲ ನಾವು ಆ ಮಂಚದ ಮೇಲಿನಿಂದಲೇ ನೋಡಬೇಕಾಗುತ್ತದೆ. ವಿಚಾರವೆಲ್ಲ ಒಬ್ಬನ ಪಾಲಿಗೆ, ಲೆಕ್ಕಾಚಾರವೆಲ್ಲ ಉಳಿದವರ ಪಾಲಿಗೆ. ರಾಜಕೀಯ ಇಲ್ಲಿ ಆತ್ಮಸಾಕ್ಷಿಯ ಪರೀಕ್ಷೆಯಾಗುತ್ತದೆ. ಒಬ್ಬ ಪ್ರಾಮಾಣಿಕನೊಡನೆ ಇನ್ನೊಬ್ಬ ಪ್ರಾಮಾಣಿಕನ ವಾದವಾಗುವುದಿಲ್ಲ.

ಆ ವಾದವನ್ನು ನಾನು ಕಂಡದ್ದು 1990ರ ‘ತಲೆದಂಡ’ದಲ್ಲಿ, ಪಕ್ಷಗಳೇ ಇಲ್ಲದ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ! ಭಂಡಾರವನ್ನು ಕಾಯಲು ಓಡಿದ ಜಗದೇವ ದುಷ್ಟನಲ್ಲ. ಸಾಯುತ್ತಿರುವ ತಂದೆಯನ್ನು ಮನೆಯಲ್ಲಿ ಬಿಟ್ಟು ಬಂದ ಹುಡುಗ. ಅವನ ಸಿಟ್ಟಿಗೆ ಒಂದು ಮನೆಯಿದೆ, ಒಂದು ಅಗ್ರಹಾರವಿದೆ. ಅದೇ ಸಿಟ್ಟು ಕೊನೆಗೆ ಬಿಜ್ಜಳನ ಕೊಲೆಯಲ್ಲಿ ಮುಗಿದಾಗ ನಮಗೆ ಭಯವಾಗುತ್ತದೆ, ಆದರೆ ಅವನನ್ನು ಅರಿಯದೆ ಹೋಗುವುದಿಲ್ಲ. ಮದುವೆಯ ಪ್ರಸಂಗದಲ್ಲಿ ತಡೆದು ಯೋಚಿಸುವವರು ಯಾರು? ಚಳವಳಿಗೆ ಉಸಿರು ಕೊಟ್ಟ ಬಸವಣ್ಣನವರೇ. ಮದುವೆ ಸರಿಯೆಂಬುದರಲ್ಲಿ ಅವರಿಗೆ ಸಂಶಯವಿಲ್ಲ. ಅದರ ಬೆಲೆಯನ್ನು ತೆರುವವರು ಯಾರೆಂಬುದು ಅವರ ಚಿಂತೆ. ತೀವ್ರಗಾಮಿಯೂ ಮಂದಗಾಮಿಯೂ ಒಂದೇ ಸತ್ಯವನ್ನು ಬೇರೆ ಬೇರೆ ಗಡಿಯಾರಗಳಲ್ಲಿ ನೋಡುತ್ತಾರೆ. ಕಾರ್ನಾಡರ ನಾಟಕದ ಹಿರಿಮೆ ಇದು. ಅದರ ಕೊರತೆಯನ್ನೂ ಹೇಳಬೇಕು. ಸಂಸ್ಥೆಯೊಂದು ದಿನನಿತ್ಯ ಹೇಗೆ ಒಡೆಯುತ್ತದೆ, ಸಭೆಯಲ್ಲಿ ಯಾರು ಯಾರ ಪಕ್ಕದಲ್ಲಿ ಕೂಡುವುದನ್ನು ಬಿಡುತ್ತಾರೆ, ಎಂಬ ಸಣ್ಣ ಸಂಗತಿಗಳಿಗೆ ನಾಟಕದ ವೇಗದಲ್ಲಿ ಎಡೆಯಿಲ್ಲ.

ಆ ಸಣ್ಣ ಸಂಗತಿಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಹುಮನಾಬಾದಿಗೆ ನೆರೆಯ ತಾಲೂಕಾದ ಚಿಂಚೋಳಿಯ ವೀರೇಂದ್ರ ಪಾಟೀಲರನ್ನು ನೋಡಿ. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಬಿರುಕು ಬಯಲಾದಾಗ ಅವರು ಮುಖ್ಯಮಂತ್ರಿಗಳು. ಆ ವರ್ಷದ ಕೊನೆಗೆ ಪಕ್ಷ ಎರಡಾದಾಗ ನಿಜಲಿಂಗಪ್ಪನವರ ಕಡೆ ನಿಂತರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರನ್ನೇ ಎದುರಿಸಿ ಸೋತರು. ಆಮೇಲೆ ಅದೇ ಕಾಂಗ್ರೆಸ್ಸಿಗೆ ಮರಳಿ 1989ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಗಳಾದರು. ಹುಮನಾಬಾದಿನ ರಾಮಚಂದ್ರ ವೀರಪ್ಪನವರು 1960ರ ದಶಕದಲ್ಲಿ ಕಾಂಗ್ರೆಸ್ಸಿನಿಂದಲೂ 1991ರ ನಂತರ ಭಾರತೀಯ ಜನತಾ ಪಕ್ಷದಿಂದಲೂ ಬೀದರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಇದನ್ನು ಪಕ್ಷಾಂತರವೆಂದು ಒಂದು ಶಬ್ದದಲ್ಲಿ ಮುಗಿಸುವುದು ಸುಲಭ. ಮನುಷ್ಯ ದಾಟಿದಾಗ ಅವನೊಡನೆ ಯಾವ ವಿಚಾರ ದಾಟಿತು, ಯಾವುದು ಆ ದಡದಲ್ಲೇ ಉಳಿಯಿತು ಎಂದು ಕೇಳುವ ತಾಳ್ಮೆ ಕಾದಂಬರಿಕಾರನಿಗೆ ಬೇಕು.

ನಮ್ಮ ರಾಜಕೀಯ ಸಾಹಿತ್ಯದ ಮುಖ್ಯ ದೋಷ ಇಲ್ಲಿದೆಯೆಂದು ನನ್ನ ಭಾವನೆ. ಭ್ರಷ್ಟನನ್ನು ಚಿತ್ರಿಸಲು ನಾವು ಕಲಿತಿದ್ದೇವೆ, ಹುತಾತ್ಮನನ್ನು ಚಿತ್ರಿಸಲೂ ಕಲಿತಿದ್ದೇವೆ. ಕೊಟ್ಟಷ್ಟನ್ನು ತೆಗೆದುಕೊಂಡು ನಾಳೆಗೆ ಹೋರಾಡೋಣ ಎನ್ನುವ ಪ್ರಾಮಾಣಿಕನನ್ನು ಚಿತ್ರಿಸಲು ಕಲಿತಿಲ್ಲ. ಅವನು ನಮ್ಮ ಪುಸ್ತಕಗಳಲ್ಲಿ ಹೇಡಿಯಾಗಿಯೋ ಹೊಂಚುಗಾರನಾಗಿಯೋ ಬರುತ್ತಾನೆ. ಅವನಿಗೆ ಮಾತು ದೊರೆಯದಿದ್ದರೆ ತೀವ್ರಗಾಮಿಯ ತ್ಯಾಗವೂ ಹಗುರವಾಗುತ್ತದೆ. ವಾದಿಸಲು ಯಾರೂ ಇಲ್ಲದವನ ಗೆಲುವು ಎಂಥ ಗೆಲುವು?

ಸ್ವಾಮೀಜಿ ಕಡೆಯವರಾಗಿದ್ದ ಮುತ್ಯಾ ಈ ಮಾತನ್ನು ಒಪ್ಪುತ್ತಿದ್ದರೋ ಇಲ್ಲವೋ. ನನ್ನ ವಿದ್ಯಾರ್ಥಿನಿಗೆ ಮಾತ್ರ ನಾನೊಂದು ಉತ್ತರ ಬಾಕಿ ಇದ್ದೇನೆ. ಬಸವಣ್ಣನವರು ಅಂಜಲಿಲ್ಲ, ಎಣಿಸಿದರು. ಎಣಿಸುವುದಕ್ಕೂ ಅಂಜುವುದಕ್ಕೂ ಇರುವ ಅಂತರವನ್ನು ತೋರಿಸುವ ಕಾದಂಬರಿಯೊಂದು 1946ರ ಹೈದರಾಬಾದನ್ನು ಕುರಿತು ನಮ್ಮ ಸೀಮೆಯ ಲೇಖನಿಯಿಂದಲೇ ಬಂದರೆ, ಪಾಠ ಹೇಳುವ ನನ್ನಂಥವರ ಕೆಲಸ ಅಷ್ಟರಮಟ್ಟಿಗೆ ಹಗುರವಾದೀತು.