ಬೀಪ್ ಬಂದರೆ ಸಾಕೇ?

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹುಡುಗರು ಹಿಡಿದು ತರುವ ಬ್ರೆಡ್‌ಬೋರ್ಡುಗಳಲ್ಲಿ ಕಾಣುವುದು ಹೆಚ್ಚಾಗಿ ಒಂದೇ ಪ್ರಾಜೆಕ್ಟು: ಮನೆಯಿಂದಲೇ ಫೋನ್ ಹಚ್ಚಿ ಪಂಪ್‌ಸೆಟ್ ಚಾಲೂ ಮಾಡುವುದು. ತಪ್ಪೇನಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಕಬ್ಬಿನೊಳಗೆ ಬ್ಯಾಟರಿ ಹಿಡಿದು ಹೋಗುವ ಪಾಡು ಅವರಪ್ಪನದು.

ಆರ್ಡುಯಿನೊ, ರಿಲೇ, ಸಿಮ್800ಎಲ್ ಎಂಬ ಜಿಎಸ್‌ಎಂ ಮಾಡ್ಯೂಲು. ರಿಂಗ್ ಬಂದ ಕೂಡಲೇ ಮಾಡ್ಯೂಲು ರೀಸೆಟ್. ಯೂಟ್ಯೂಬ್ ಪಂಡಿತರು 'ಕೋಡ್ ಮತ್ತೊಮ್ಮೆ ಹಾಕಿ' ಎನ್ನುತ್ತಾರೆ. ಮಲ್ಟಿಮೀಟರ್ ಹಚ್ಚಿ ಗ್ರೌಂಡ್ ನೋಡಿದೆಯಾ ಎಂದರೆ ಹುಡುಗ ಹೇಳುತ್ತಾನೆ: 'ಬೀಪ್ ಬರ್ತೈತ್ರೀ ಸರ್.'

ಈ ಬೀಪ್ ಪಂಥದ ಮೇಲೆ ನನ್ನ ಸಿಟ್ಟು ಹಳೆಯದು. ಹತ್ತಾರು ಓಮ್ ಇದ್ದರೂ ಕೂಗುವ ಮೀಟರುಗಳಿವೆ. ಸಿಮ್800ಎಲ್ ಸಿಗ್ನಲ್ ಕಳಿಸುವಾಗ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ರೆಡ್‌ಬೋರ್ಡಿನ ಸಡಿಲಾದ ರೈಲು, ಕೂದಲೆಳೆಯಂಥ ಜಂಪರು ಸೇರಿ ಬರೀ 0.2 ಓಮ್ ಆದರೂ 0.4 ವೋಲ್ಟ್ ದಾರಿಯಲ್ಲೇ ಖರ್ಚು. ಪ್ಲಸ್ ಬದಿಯಲ್ಲೂ ಅಷ್ಟೇ ಹೋದರೆ 4 ವೋಲ್ಟ್ ಎಂದು ಕೊಟ್ಟದ್ದು 3.2ಕ್ಕೆ ಇಳಿಯಿತು. ಆ ಮಾಡ್ಯೂಲಿಗೆ ಕನಿಷ್ಠ 3.4 ಬೇಕು.

ಆದ್ದರಿಂದ ಬೀಪ್ ಬಿಡಿ. ಸರ್ಕೀಟು ಓಡುತ್ತಿರಲಿ, ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಮಾಡ್ಯೂಲಿನ ಗ್ರೌಂಡ್ ಕಾಲಿಗೇ, ರೈಲಿನ ತೂತಿಗಲ್ಲ. ಕರೆ ಮಾಡಿ. 50 ಮಿಲಿವೋಲ್ಟ್ ತೋರಿಸಿದರೆ 'ಇಷ್ಟೇನಾ' ಎಂದು ನಿರಾಳವಾಗಬೇಡಿ. ಜಿಎಸ್‌ಎಂ ಒಂದೇ ಸಮ ಕಳಿಸುವುದಿಲ್ಲ: 4.6 ಮಿಲಿಸೆಕೆಂಡಿಗೊಮ್ಮೆ, ಅದರ ಎಂಟನೇ ಒಂದು ಭಾಗದಷ್ಟು ಹೊತ್ತು ಮಾತ್ರ. ರೇಡಿಯೊ ಪಕ್ಕ ಹಳೇ ಫೋನಿಟ್ಟರೆ ಟಿರ್ರ್ ಎನ್ನುತ್ತಿದ್ದುದು ಇದೇ. ಮೀಟರು ತೋರಿಸುವುದು ಸರಾಸರಿ. ಹೊಡೆತದ ಗಳಿಗೆಯ ನಿಜವಾದ ಕುಸಿತ ಅದರ ಸುಮಾರು ಎಂಟು ಪಟ್ಟು.

ಗ್ರೌಂಡ್ ಎಂದರೆ ನೆಲವೇ ಎಂದುಕೊಂಡ ಒಬ್ಬ ಜಾಣ ಬಾವಿ ಪಕ್ಕದ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ, ನೀರು ಹೊಯ್ದು, ಬ್ರೆಡ್‌ಬೋರ್ಡಿನ ಗ್ರೌಂಡನ್ನು ಅದಕ್ಕೇ ಕಟ್ಟಿದ್ದ! ಕರೆಂಟು ಮರಳಬೇಕಾದದ್ದು ಬ್ಯಾಟರಿಯ ಮೈನಸ್ಸಿಗೆ, ಅದು ಮಣ್ಣಿನಲ್ಲಿಲ್ಲ. ಅಂದಹಾಗೆ, ಸ್ಟಾರ್ಟರಿನ ವೈರನ್ನು ಬೋರ್ಡಿನ ಹತ್ತಿರಕ್ಕೂ ತರಬೇಡಿ. ಸದ್ಯಕ್ಕೆ ಪಂಪಿನ ಬದಲು ಎಲ್‌ಇಡಿ ಉರಿದರೆ ಸಾಕು.

ಇನ್ನು ಪರಿಹಾರ: ಮಾಡ್ಯೂಲಿಗೆ ಬ್ಯಾಟರಿಯಿಂದಲೇ ಎರಡು ದಪ್ಪ ವೈರು ಬೆಸುಗೆ ಹಾಕಿ, ಬ್ರೆಡ್‌ಬೋರ್ಡಿನ ಮೂಲಕ ಬೇಡ. ಕಾಲಿನ ಬುಡದಲ್ಲೇ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. ಆರ್ಡುಯಿನೊದ ಗ್ರೌಂಡ್ ಕೂಡ ಅದೇ ಮೈನಸ್ಸಿಗೆ ಬರಲಿ. ಆಮೇಲೂ ರೀಸೆಟ್ ಆದರೆ ಸೆಲ್ಲನ್ನು ಅನುಮಾನಿಸಿ. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ 18650 ಆಗಿದ್ದರಂತೂ ಮೊದಲು ಅದನ್ನೇ.